ಓವನ್ ಬೇಡ, ಬೆಣ್ಣೆ ಬೇಡ: ಬಾಣಲೆಯಲ್ಲೇ ಓಟ್ಸ್–ಶೇಂಗಾ ಕುಕ್ಕಿ

ಓವನ್ನಿನೊಳಗೆ ಕುಕ್ಕಿಗೆ ಮುಖ್ಯವಾಗಿ ಎರಡು ಕೆಲಸ ಆಗುತ್ತವೆ. ಹಿಟ್ಟಿನ ಹಸಿತನ ಹೋಗಿ ಘಮ ಹುಟ್ಟುತ್ತದೆ, ನೀರಿನಂಶ ಆರಿ ಆಕಾರ ನಿಲ್ಲುತ್ತದೆ. ಓವನ್ ಬಿಟ್ಟರೆ ಈ ಎರಡನ್ನೂ ಬೇರೆಯವರಿಂದ ಮಾಡಿಸಬೇಕು. ಘಮ ಬಾಣಲೆಯ ಪಾಲಿಗೆ, ಆಕಾರ ಖರ್ಜೂರ ಮತ್ತು ಕೊಬ್ಬರಿ ಎಣ್ಣೆಯ ಪಾಲಿಗೆ. ಬೇಯಿಸದ ಕುಕ್ಕಿ ಎಂದರೆ ಎಲ್ಲವನ್ನೂ ಹಸಿಯಾಗಿಯೇ ಕಲಸಿ ಫ್ರಿಜ್ಜಿಗೆ ತಳ್ಳುವುದು ಎಂದುಕೊಂಡರೆ ಬಾಯಿಗೆ ಹಸಿ ಓಟ್ಸ್ ಸಿಗುತ್ತದೆ, ಕೈಗೆ ಪುಡಿ ಸಿಗುತ್ತದೆ.

ಶೇಂಗಾ ಉಂಡೆ, ಎಳ್ಳುಂಡೆ ಕಟ್ಟಿ ಗೊತ್ತಿರುವವರಿಗೆ ಇದರಲ್ಲಿ ಹೊಸ ವಿದ್ಯೆ ಏನಿಲ್ಲ. ಒಂದೊಂದನ್ನೂ ಬೇರೆ ಬೇರೆ ಹುರಿಯುವುದು, ಅಂಟಿನ ಹದ ನೋಡುವುದು, ಬಿಸಿ ಇರುವಾಗಲೇ ಕಟ್ಟುವುದು ಎಲ್ಲವೂ ಅದೇ. ತುಪ್ಪ ಮಾತ್ರ ಇಲ್ಲ, ಏಕೆಂದರೆ ಇದು ವೀಗನ್ ಕುಕ್ಕಿ, ಅಂದರೆ ಹಾಲು, ತುಪ್ಪ, ಜೇನಿನಂಥ ಪ್ರಾಣಿಮೂಲದ್ದೇನೂ ಇಲ್ಲದ್ದು.

ಬೇಕಾಗುವುದು

ಈ ಅಳತೆಗೆ ತಲಾ 30 ಗ್ರಾಂ ತೂಕದ 18 ಕುಕ್ಕಿ ಬರುತ್ತವೆ. ರೋಲ್ಡ್ ಓಟ್ಸ್ 120 ಗ್ರಾಂ, ಶೇಂಗಾ ಬೀಜ 150 ಗ್ರಾಂ, ಬೀಜ ತೆಗೆದ ಖರ್ಜೂರ 180 ಗ್ರಾಂ, ರಾಗಿ ಹುರಿಹಿಟ್ಟು 40 ಗ್ರಾಂ, ಸಿಹಿ ಬೆರೆಸದ ಕೋಕೋ ಪುಡಿ 15 ಗ್ರಾಂ, ಅಗಸೆ ಬೀಜ 15 ಗ್ರಾಂ, ಕೊಬ್ಬರಿ ಎಣ್ಣೆ 20 ಗ್ರಾಂ (ಒಂದೂವರೆ ಟೇಬಲ್ ಚಮಚ), ಉಪ್ಪು ಕಾಲು ಟೀ ಚಮಚ, ಏಲಕ್ಕಿ ನಾಲ್ಕು. ಅಡುಗೆಮನೆಯ ತಕ್ಕಡಿ ಇದ್ದರೆ ಬಳಸಿ. ಒಂದು ಲೋಟದ ಓಟ್ಸ್ ಸಡಿಲವಾಗಿ ತುಂಬಿದಾಗ ಒಂದು ತೂಕ, ಕುಟ್ಟಿ ತುಂಬಿದಾಗ ಇನ್ನೊಂದು. ಹದ ಕೆಡುವುದು ಬಹಳ ಸಲ ಇಲ್ಲಿಯೇ.

ಓಟ್ಸ್ ಪೊಟ್ಟಣದ ಮೇಲೆ ‘ರೋಲ್ಡ್’ ಎಂದು ಇರಲಿ. ಅದನ್ನು ಹಬೆಯಲ್ಲಿ ಬೇಯಿಸಿ, ಒತ್ತಿ, ಒಣಗಿಸಿರುತ್ತಾರೆ. ಹೀಗಾಗಿ ಮತ್ತೆ ಬೇಯಿಸದೆ ತಿನ್ನಬಹುದು, ದಪ್ಪ ಇರುವುದರಿಂದ ಜಗಿಯಲು ಸಿಗುತ್ತದೆ. ಇನ್‌ಸ್ಟಂಟ್ ಓಟ್ಸ್ ತೆಳು, ಖರ್ಜೂರದ ತೇವ ಕುಡಿದು ಮುದ್ದೆಯಾಗುತ್ತದೆ. ಸ್ಟೀಲ್ ಕಟ್ ಓಟ್ಸ್ ಬೇಯಿಸದೆ ಹಲ್ಲಿಗೆ ಬಗ್ಗುವುದಿಲ್ಲ. ಮಸಾಲೆ ಓಟ್ಸ್ ಮನೆಯಲ್ಲಿ ಉಳಿದಿದೆ ಎಂದು ಹಾಕುವ ಆಸೆ ಬೇಡ.

ಗೋಧಿ ಹಿಟ್ಟು ಅಥವಾ ಮೈದಾವನ್ನು ಹಸಿಯಾಗಿ ಬೆರೆಸಲೇಬಾರದು. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಇಲ್ಲಿ ಅದನ್ನು ಕೊಲ್ಲುವ ಓವನ್ ಇಲ್ಲ. ರಾಗಿ ಹುರಿಹಿಟ್ಟು ಆ ಮಟ್ಟಿಗೆ ನಿಶ್ಚಿಂತೆ. ಕಾಳು ಅರಳಿಸಿಯೇ ಬೀಸಿದ್ದು, ನೇರವಾಗಿ ತಿನ್ನುವಂಥದ್ದು. ಮನೆಯಲ್ಲಿ ಮುದ್ದೆಯ ರಾಗಿ ಹಿಟ್ಟು ಮಾತ್ರ ಇದ್ದರೆ ಸಣ್ಣ ಉರಿಯಲ್ಲಿ 8–10 ನಿಮಿಷ ಕೈಬಿಡದೆ ಹುರಿಯಿರಿ. ಹಸಿ ವಾಸನೆ ಹೋಗಿ ಬಣ್ಣ ಒಂದು ಛಾಯೆ ಗಾಢವಾಗಬೇಕು.

ಪೊಟ್ಟಣ ತಿರುಗಿಸಿ ನೋಡಿ

ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಪದಾರ್ಥ ವೀಗನ್ ಆಗುವುದಿಲ್ಲ. ಆ ಚುಕ್ಕೆ ಸಸ್ಯಾಹಾರದ್ದು, ಅದರೊಳಗೆ ಹಾಲು, ತುಪ್ಪ, ಜೇನು ಎಲ್ಲಕ್ಕೂ ಜಾಗವಿದೆ. ವೀಗನ್ ಆಹಾರಕ್ಕೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿದೆ, ಹಸಿರು ‘ವಿ’ ಅಕ್ಷರದ ಚಿಹ್ನೆ ಅದರದ್ದು. ಆದರೆ ಎಲ್ಲ ಸಣ್ಣ ತಯಾರಕರೂ ಅದನ್ನು ಹಾಕಿಸಿಕೊಂಡಿರುವುದಿಲ್ಲ. ಹಾಗಾಗಿ ಪದಾರ್ಥಗಳ ಪಟ್ಟಿ ಓದುವುದೇ ಗಟ್ಟಿ ದಾರಿ. ಎಡವುವ ಜಾಗಗಳು ಕೆಲವು: ಡ್ರಿಂಕಿಂಗ್ ಚಾಕೊಲೇಟ್‌ನಲ್ಲಿ ಸಕ್ಕರೆಯ ಜೊತೆ ಹಾಲಿನ ಪುಡಿ ಇರಬಹುದು, ‘ಡಾರ್ಕ್’ ಎಂದ ಚಾಕೊಲೇಟ್‌ನಲ್ಲೂ ಹಾಲಿನ ಘನಾಂಶ ಸೇರಿರಬಹುದು, ಕೆಲವು ಪೀನಟ್ ಬಟರ್‌ಗಳಲ್ಲಿ ಜೇನು ಅಥವಾ ವೇ ಪ್ರೊಟೀನ್ (ಹಾಲಿನಿಂದ ತೆಗೆದ ಪ್ರೊಟೀನ್) ಇದೆ, ರಾಗಿ ಮಾಲ್ಟ್ ಎಂದು ಮಾರುವ ಪುಡಿಯಲ್ಲಿ ಹಾಲಿನ ಪುಡಿ ಇರಬಹುದು. ಕೊಬ್ಬರಿ ಎಣ್ಣೆಯಂತೂ ಅಡುಗೆಯದ್ದೇ ಆಗಿರಲಿ, ತಲೆಗೆ ಹಚ್ಚುವ ಪರಿಮಳದ ಬಾಟಲಿ ಅಲ್ಲ.

ಕೋಕೋ ಪುಡಿಗೆ ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಲ್ಲಿ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ.

ಹುರಿಯುವುದು

ಇಡೀ ತಯಾರಿಯಲ್ಲಿ ಅವಸರ ಮಾಡಬಾರದ ಹಂತ ಇದು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಶೇಂಗಾ ಇನ್ನೂ ಹಸಿಯಾಗಿರುವಾಗಲೇ ಅಗಸೆ ಕಪ್ಪಾಗಿರುತ್ತದೆ.

ಮೊದಲು ಶೇಂಗಾ ಆರಿಸಿ. ಮುರುಟಿದ, ಬಣ್ಣಗೆಟ್ಟ, ಬೂಷ್ಟಿನ ಗುರುತಿರುವ ಕಾಳುಗಳನ್ನು ಎಸೆಯಿರಿ. ಆ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12–15 ನಿಮಿಷ ಹುರಿಯಿರಿ. ಸಿಪ್ಪೆ ಅಲ್ಲಲ್ಲಿ ಬಿರಿದು, ಕಾಳನ್ನು ಎರಡಾಗಿ ಒಡೆದರೆ ಒಳಗೂ ತಿಳಿ ಕಂದು ಬಣ್ಣ ಕಾಣಬೇಕು. ಉರಿ ಜೋರಾದರೆ ಹೊರಗೆ ಚುಕ್ಕೆ ಸುಟ್ಟು ಒಳಗೆ ಬಿಳಿ ಉಳಿಯುತ್ತದೆ. ಅಂಥದ್ದನ್ನು ರುಬ್ಬಿದರೆ ಶೇಂಗಾ ಬೆಣ್ಣೆ ಕಹಿಯಾಗುತ್ತದೆ. ಕೈಗೆ ತಾಳುವಷ್ಟು ಆರಿದ ಮೇಲೆ ಬಟ್ಟೆಯಲ್ಲಿ ಹಾಕಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ.

ಅದೇ ಬಾಣಲೆಯಲ್ಲಿ ಓಟ್ಸ್ 5–6 ನಿಮಿಷ. ಬಣ್ಣ ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ ಕಾಯಬೇಡಿ. ಒಂದು ಪಕಳೆಯನ್ನು ಬೆರಳಲ್ಲಿ ಹಿಸುಕಿದಾಗ ಬಗ್ಗದೆ ಚುರುಕ್ಕೆಂದು ಮುರಿದರೆ ಸಾಕು. ತಕ್ಷಣ ತಟ್ಟೆಗೆ ಹರವಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಪದರ ಸೀಯುತ್ತದೆ. ಅಗಸೆಗೆ ಎರಡು ನಿಮಿಷ, ಚಟಪಟ ಸದ್ದು ಶುರುವಾದೊಡನೆ ಇಳಿಸಿ. ಹುರಿಹಿಟ್ಟನ್ನು ಒಲೆ ಆರಿಸಿದ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಆಯಿತು.

ರುಬ್ಬುವುದು

ಶೇಂಗಾದಲ್ಲಿ ಮೂರನೇ ಒಂದು ಪಾಲನ್ನು ತರಿತರಿಯಾಗಿ ಪುಡಿ ಮಾಡಿ ಎತ್ತಿಡಿ. ಉಳಿದ 100 ಗ್ರಾಂ ಇನ್ನೂ ಬೆಚ್ಚಗಿರುವಾಗಲೇ ಚಟ್ನಿ ಜಾರಿಗೆ ಹಾಕಿ. 20–30 ಸೆಕೆಂಡ್ ಓಡಿಸುವುದು, ನಿಲ್ಲಿಸುವುದು, ಗೋಡೆಗೆ ಅಂಟಿದ್ದನ್ನು ಕೆರೆದು ಕೆಳಗಿಳಿಸುವುದು, ಮತ್ತೆ ಓಡಿಸುವುದು. ಮೊದಲು ಮರಳಿನಂಥ ಪುಡಿ, ಆಮೇಲೆ ಜಾರಿನ ಗೋಡೆಗೆ ಕಚ್ಚುವ ಒಣ ಮುದ್ದೆ, ಆಮೇಲೆ ಒಮ್ಮೆಲೇ ಎಣ್ಣೆ ಬಿಟ್ಟು ಹೊಳೆಯುವ ಬೆಣ್ಣೆ. ಮಧ್ಯದ ಹಂತದಲ್ಲಿ ಇದು ಆಗುವುದೇ ಇಲ್ಲ ಎನಿಸಿ ಬಹಳ ಮಂದಿ ಒಂದು ಚಮಚ ನೀರು ಹಾಕುತ್ತಾರೆ. ಹಾಕಬೇಡಿ. ಸ್ವಲ್ಪ ನೀರು ಬಿದ್ದರೆ ಶೇಂಗಾ ಬೆಣ್ಣೆ ಸಡಿಲವಾಗುವ ಬದಲು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಬೇಗ ಕೆಡುತ್ತದೆ ಕೂಡ. ಮಿಕ್ಸಿ ಬಿಸಿಯಾದರೆ ಹತ್ತು ನಿಮಿಷ ಬಿಡಿ, ಅಷ್ಟೇ.

ಓಟ್ಸಿನಲ್ಲಿ 40 ಗ್ರಾಂ ಅನ್ನು ಅಗಸೆ, ಏಲಕ್ಕಿಯ ಜೊತೆ ನುಣ್ಣಗೆ ಪುಡಿ ಮಾಡಿ, ಉಳಿದದ್ದು ಇಡಿಯಾಗಿಯೇ ಇರಲಿ. ಇಡೀ ಪಕಳೆಗಳ ನಡುವಿನ ಸಂದನ್ನು ಪುಡಿ ತುಂಬುತ್ತದೆ. ಪುಡಿ ಇಲ್ಲದಿದ್ದರೆ ಅಂಚು ಉದುರುತ್ತದೆ, ಎಲ್ಲವೂ ಪುಡಿಯಾದರೆ ಕುಕ್ಕಿ ಬಾಯಲ್ಲಿ ಹಿಟ್ಟಾಗುತ್ತದೆ. ಅಗಸೆಯನ್ನು ಅಂದಂದೇ ಪುಡಿ ಮಾಡಿ. ಪುಡಿ ಮಾಡಿಟ್ಟ ಅಗಸೆ ಬಹುಬೇಗ ಕಮಟಾಗುತ್ತದೆ.

ಖರ್ಜೂರ ಕಾಯಿಸುವುದು

ಪ್ರತಿ ಖರ್ಜೂರವನ್ನೂ ಉದ್ದಕ್ಕೆ ಸೀಳಿ ಒಳಗೆ ನೋಡಿ. ಹುಳು ಇರಬಹುದು, ಕಪ್ಪು ಮಸಿಯಂಥ ಪುಡಿ ಕಂಡರೆ ಅದು ಬೂಷ್ಟು. ಹೊರಗಿನಿಂದ ಎರಡೂ ತಿಳಿಯುವುದಿಲ್ಲ. ಗಟ್ಟಿ ಹಣ್ಣಾದರೆ ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು, ಆ ನೀರಿನಲ್ಲಿ ಎರಡು ಟೇಬಲ್ ಚಮಚದಷ್ಟನ್ನು ಮಾತ್ರ ಸೇರಿಸಿ ರುಬ್ಬಿ. ಉಳಿದ ನೀರು ಚೆಲ್ಲಬೇಡಿ, ಹದ ತಿದ್ದಲು ಬೇಕು. ಕೈಯಲ್ಲೇ ಕಿವುಚಿಹೋಗುವ ಮೆತ್ತನೆಯ ಕಪ್ಪು ಖರ್ಜೂರಕ್ಕೆ ನೆನೆಯುವ ಅಗತ್ಯವಿಲ್ಲ. ಒಣ ಉತ್ತುತ್ತೆಯಾದರೆ ರಾತ್ರಿಯೆಲ್ಲ ನೆನೆಯಬೇಕು. ಆದರೂ ನಾರು ಉಳಿಯುತ್ತದೆ, ಇಲ್ಲಿಗೆ ಒಗ್ಗುವುದಿಲ್ಲ.

ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಕರಗಿಸಿ ಖರ್ಜೂರದ ಮುದ್ದೆ ಹಾಕಿ, ಸಣ್ಣ ಉರಿಯಲ್ಲಿ 4–5 ನಿಮಿಷ ಕೈಯಾಡಿಸಿ. ಮುದ್ದೆ ತಳ ಬಿಟ್ಟು ಸೌಟಿನ ಜೊತೆ ಒಂದಾಗಿ ತಿರುಗತೊಡಗಿದಾಗ ಒಲೆ ಆರಿಸಿ. ಈ ಐದು ನಿಮಿಷವನ್ನು ಉಳಿಸಲು ಹೋದರೆ ಕುಕ್ಕಿ ಮೂರನೇ ದಿನಕ್ಕೆ ಹುಳಿ ವಾಸನೆ ಹೊಡೆಯಬಹುದು, ಏಕೆಂದರೆ ನೆನೆದ ನೀರೆಲ್ಲ ಒಳಗೇ ಇರುತ್ತದೆ. ಬಿಸಿ ಇರುವಾಗಲೇ ಕೋಕೋ, ಉಪ್ಪು ಸೇರಿಸಿ. ಬಿಸಿ ಎಣ್ಣೆಯಲ್ಲಿ ಕೋಕೋದ ಘಮ ಬಿಚ್ಚಿಕೊಳ್ಳುತ್ತದೆ, ಗಂಟೂ ಕಟ್ಟುವುದಿಲ್ಲ. ಆಮೇಲೆ ಶೇಂಗಾ ಬೆಣ್ಣೆ, ಕೊನೆಗೆ ಒಣ ಪದಾರ್ಥ ಎಲ್ಲ.

ಕಲಸಿದ್ದನ್ನು ಹದಿನೈದು ನಿಮಿಷ ಮುಚ್ಚಿಡಿ. ಓಟ್ಸ್ ಅಷ್ಟರಲ್ಲಿ ತೇವ ಎಳೆದುಕೊಳ್ಳುತ್ತದೆ. ಹದ ನೋಡುವುದು ಆಮೇಲೆ, ಮೊದಲೇ ನೋಡಿ ನೀರು ಹಾಕಿದರೆ ಹೆಚ್ಚಾಗುತ್ತದೆ. ನಿಂಬೆ ಗಾತ್ರದ ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತಿ. ಅಂಚು ಕೂದಲೆಳೆಯಷ್ಟು ಬಿರಿದರೆ ಸರಿಯಾಗಿದೆ. ಸೀಳಿಕೊಂಡು ಬಿದ್ದರೆ ಖರ್ಜೂರದ ನೀರನ್ನು ಒಂದೊಂದೇ ಟೀ ಚಮಚ ಚಿಮುಕಿಸಿ. ಅಂಗೈಗೆ ಮೆತ್ತಿದರೆ ಒಂದು ಟೇಬಲ್ ಚಮಚ ಓಟ್ಸ್ ಪುಡಿ. ಎಣ್ಣೆ ಜಿನುಗುತ್ತಿದ್ದರೆ ಶೇಂಗಾ ಅತಿಯಾಗಿ ರುಬ್ಬಿದೆ ಎಂದರ್ಥ, ಹುರಿಹಿಟ್ಟು ಒಂದು ಚಮಚ ಹೆಚ್ಚು ಹಿಡಿಯುತ್ತದೆ.

30 ಗ್ರಾಂ ಉಂಡೆಗಳನ್ನು ಬಟರ್ ಪೇಪರ್ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಮುಚ್ಚದೆ ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ. ಅಂಗಡಿಯಂಥ ಆಕಾರ ಬೇಕಿದ್ದರೆ ಎಲ್ಲವನ್ನೂ ನಾಲ್ಕು ಸೆಂಟಿಮೀಟರ್ ದಪ್ಪದ ಉರುಳೆಯಾಗಿ ಹೊಸೆದು, ಅರ್ಧ ಗಂಟೆ ತಣಿಸಿ, ಚೂಪಾದ ಚಾಕುವಿನಲ್ಲಿ ಬಿಲ್ಲೆ ಕತ್ತರಿಸಿ. ಬಿಲ್ಲೆ ಚಿಕ್ಕದಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ.

ಬಿಸಿಲೂರಿಗೆ ಬೆಲ್ಲದ ಪಾಕ

ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಈ ಕುಕ್ಕಿ ಮೇಜಿನ ಮೇಲೂ ಗಟ್ಟಿಯಾಗಿ ಕೂರುತ್ತದೆ. ಏಪ್ರಿಲ್‌ನ ಬಳ್ಳಾರಿ, ಕಲಬುರಗಿಯಲ್ಲಿ ಡಬ್ಬಿಗೆ ಹಾಕಿ ಕಳಿಸಿದರೆ ಮಧ್ಯಾಹ್ನಕ್ಕೆ ಹಲ್ವ. ಅಂಥ ಕಡೆ ಖರ್ಜೂರ ಮತ್ತು ಎಣ್ಣೆ ಎರಡನ್ನೂ ಬಿಟ್ಟು 150 ಗ್ರಾಂ ಬೆಲ್ಲ ಹಿಡಿಯಿರಿ. ಮೂರು ಟೇಬಲ್ ಚಮಚ ನೀರಲ್ಲಿ ಕರಗಿಸಿ, ಮರಳು ಹೋಗುವಂತೆ ಸೋಸಿ, ಮತ್ತೆ ಒಲೆಗಿಡಿ. ಬಟ್ಟಲು ನೀರಿಗೆ ಒಂದು ಹನಿ ಬಿಟ್ಟಾಗ ಅದು ಕರಗದೆ ತಳದಲ್ಲಿ ನಿಂತು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಉಂಡೆ ಕಟ್ಟಬೇಕು. ನೀರಲ್ಲಿ ಹರಡಿದರೆ ಇನ್ನೂ ಆಗಬೇಕು. ಟಣ್ಣೆಂದು ಮುರಿದರೆ ಚಿಕ್ಕಿ ಪಾಕಕ್ಕೆ ಹೋಗಿದೆ, ಎರಡು ಚಮಚ ನೀರು ಹಾಕಿ ಹಿಂದಕ್ಕೆ ತನ್ನಿ. ಥರ್ಮಾಮೀಟರ್ ಇರುವವರಿಗೆ ಮಂಗಳೂರಿನಲ್ಲಿ 115 ಡಿಗ್ರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದು ನೀರು 97ರ ಆಸುಪಾಸಿನಲ್ಲೇ ಕುದಿಯುವುದರಿಂದ ಅಲ್ಲಿ 112ಕ್ಕೇ ಇಳಿಸಬೇಕು. ವಿದೇಶಿ ಪಾಕವಿಧಾನದ ಅಂಕಿ ಹಿಡಿದು ಬೆಂಗಳೂರಿನಲ್ಲಿ ಪಾಕ ಗಟ್ಟಿಯಾಯಿತು ಎನ್ನುವವರಿಗೆ ಉತ್ತರ ಇದೇ.

ಪಾಕಕ್ಕೆ ಮಿಕ್ಕೆಲ್ಲವನ್ನೂ ಸುರಿದು ಕಲಸಿದ ಮೇಲೆ ನಿಮಗೆ ಸಿಗುವುದು ಐದು ನಿಮಿಷ. ಇಲ್ಲಿ ಮುಚ್ಚಿಡುವ ಮಾತಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಇಬ್ಬರು ಕೂತು ಕಟ್ಟಿದರೆ ಒಳ್ಳೆಯದು. ನಡುವೆ ಬಿಗಿದರೆ ಬಾಣಲೆಯನ್ನು ಸಣ್ಣ ಉರಿಗಿಟ್ಟು ಒಂದು ಚಮಚ ನೀರು ಚಿಮುಕಿಸಿ. ಬೆಲ್ಲ ಕಡು ಕಂದು ಬಣ್ಣದ್ದಿರಲಿ. ಮಿರಮಿರ ಹಳದಿ ಬೆಲ್ಲಕ್ಕೆ ಬಣ್ಣ ತಿಳಿಯಾಗಿಸಲು ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚು.

ಆರೋಗ್ಯದ ಲೆಕ್ಕ

ಖರ್ಜೂರದ ಕುಕ್ಕಿ ಒಂದಕ್ಕೆ ಸುಮಾರು 125 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೊಟೀನ್, ಆರೇಳು ಗ್ರಾಂ ಸಕ್ಕರೆ. ಮೈದಾ, ವನಸ್ಪತಿ ಇಲ್ಲ, ನಾರು ಚೆನ್ನಾಗಿದೆ ಎಂಬುದು ನಿಜ. ಸಕ್ಕರೆ ಇಲ್ಲ ಎಂಬುದು ಸುಳ್ಳು. ಖರ್ಜೂರದ ಸಕ್ಕರೆಯೂ ಬೆಲ್ಲದ ಸಕ್ಕರೆಯೂ ರಕ್ತಕ್ಕೆ ಸಕ್ಕರೆಯೇ, ಮಧುಮೇಹ ಇರುವವರು ಇದನ್ನು ಸಿಹಿತಿಂಡಿಯೆಂದೇ ಎಣಿಸಲಿ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೊಟೀನ್ ಆಗದವರು ‘ಗ್ಲುಟನ್ ಫ್ರೀ’ ಎಂದು ಬರೆದ ಓಟ್ಸನ್ನೇ ತರಬೇಕು, ಗೋಧಿಯ ಜೊತೆ ಒಂದೇ ಗಿರಣಿಯಲ್ಲಿ ಸಂಸ್ಕರಿಸಿದ್ದು ಆಗುವುದಿಲ್ಲ. ಶಾಲೆಗೆ ಕಳಿಸುವುದಾದರೆ ಶೇಂಗಾ ಅಲರ್ಜಿಯ ಮಕ್ಕಳಿದ್ದಾರೆಯೇ ಕೇಳಿಕೊಳ್ಳಿ. ಶೇಂಗಾ ಬದಲು ಸೂರ್ಯಕಾಂತಿ ಬೀಜ ಅದೇ ತೂಕಕ್ಕೆ ನಡೆಯುತ್ತದೆ, ಬೆಣ್ಣೆಯಾಗಲು ಮಿಕ್ಸಿ ಇನ್ನಷ್ಟು ಹೊತ್ತು ಓಡಬೇಕು. ಎಳ್ಳು ಹಾಕಿದರೆ ತುಸು ಕಹಿ ಬರುತ್ತದೆ, ಖರ್ಜೂರ 20 ಗ್ರಾಂ ಹೆಚ್ಚಿಸಿ.

ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಬಟರ್ ಪೇಪರ್ ಇಟ್ಟರೆ ಫ್ರಿಜ್ಜಿನಲ್ಲಿ ಹತ್ತು ದಿನ, ಫ್ರೀಜರ್‌ನಲ್ಲಿ ಎರಡು ತಿಂಗಳು. ಹೊರಗಾದರೆ ಎರಡು ಮೂರು ದಿನದಲ್ಲಿ ಮುಗಿಸಿ. ಮೇಲೆ ನುಣುಪಾದ ಬಿಳಿ ಮಚ್ಚೆ ಕಂಡು, ಬೆರಳ ಬಿಸಿಗೆ ಕರಗಿದರೆ ಅದು ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ, ತಿನ್ನಬಹುದು. ರೋಮದಂತೆ ಎದ್ದಿದ್ದರೆ, ಅಥವಾ ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಇಡೀ ಡಬ್ಬಿ ಕಸಕ್ಕೆ. ಫ್ರೀಜರ್‌ನಿಂದ ತೆಗೆದದ್ದನ್ನು ಡಬ್ಬಿಯ ಮುಚ್ಚಳ ತೆರೆಯದೆಯೇ ಇಪ್ಪತ್ತು ನಿಮಿಷ ಹೊರಗಿಡಿ. ತಣ್ಣನೆಯ ಕುಕ್ಕಿಗೆ ನೇರ ಗಾಳಿ ತಾಗಿದರೆ ಮೈಮೇಲೆ ನೀರು ಕೂತು ಅಂಟಂಟಾಗುತ್ತದೆ.