ಬುದ್ಧಿಹಲ್ಲು ಕೀಳಿಸಿದ ಮೇಲಿನ ಊತ: ದಿನ ಎಣಿಸಿ ನೋಡುವ ನನ್ನ ಕ್ರಮ

ಕೆಳದವಡೆಯ ಬುದ್ಧಿಹಲ್ಲನ್ನು ಒಸಡು ಕೊಯ್ದು, ಮೂಳೆ ಕೊರೆದು ತೆಗೆದರೆ ಕೆನ್ನೆ ಊದಿಯೇ ಊದುತ್ತದೆ. "ಡಾಕ್ಟ್ರೇ, ತುಂಬಾ ಊದಿಬಿಟ್ಟಿದೆ" ಎಂದು ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಇವತ್ತು ಎಷ್ಟನೇ ದಿನ? ನಿನ್ನೆಗಿಂತ ಜಾಸ್ತಿಯೋ, ಕಡಿಮೆಯೋ? ಊತ 48ರಿಂದ 72 ಗಂಟೆಯವರೆಗೆ ಏರುತ್ತದೆ, ಆಮೇಲೆ ಇಳಿಯುತ್ತಾ ಒಂದು ವಾರದಲ್ಲಿ ಬಹುಪಾಲು ಹೋಗುತ್ತದೆ. ಎರಡನೇ ದಿನದ ದೊಡ್ಡ ಊತಕ್ಕಿಂತ, ಇಳಿದು ಐದನೇ ದಿನ ಮತ್ತೆ ಎದ್ದ ಸಣ್ಣ ಊತಕ್ಕೇ ನಾನು ಹೆಚ್ಚು ಹೆದರುತ್ತೇನೆ.

ಹಲ್ಲು ಕಿತ್ತ ಜಾಗದ ಮೇಲೆ ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ತುಂಡನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿಸುತ್ತೇನೆ. ಪದೇ ಪದೇ ತೆಗೆದು ನೋಡಿದರೆ ರಕ್ತದ ಹೆಪ್ಪು ಕಿತ್ತುಬರುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ 15–20 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಬೇಕು. ಇದರ ಪ್ರಯೋಜನ ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿ. ಮಲಗುವಾಗ ತಲೆ ಎತ್ತರದಲ್ಲಿರಲಿ. ನೋವಿನ ಮಾತ್ರೆಯನ್ನು ಮರಗಟ್ಟುವ ಇಂಜೆಕ್ಷನ್ ಇಳಿಯುವ ಮೊದಲೇ ಕೊಡುತ್ತೇನೆ: ದೊಡ್ಡವರಿಗೆ ಐಬುಪ್ರೊಫೆನ್ 400 ಮಿ.ಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರಿಗೆ, ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ವಿಚಾರಿಸದೆ ಐಬುಪ್ರೊಫೆನ್ ಬರೆಯುವುದಿಲ್ಲ.

ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು. 24 ಗಂಟೆಯ ನಂತರ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರ ಬಾಯಲ್ಲಿಟ್ಟು ತಲೆ ಓರೆ ಮಾಡಿ, ಮೆಲ್ಲಗೆ ಹೊರಬಿಡಬೇಕು.

ಡ್ರೈ ಸಾಕೆಟ್, ಅಂದರೆ ಹಲ್ಲು ಕಿತ್ತ ಗುಳಿಯ ಹೆಪ್ಪು ಹೋಗಿಬಿಡುವ ತೊಂದರೆ, ಬಂದಾಗ ಗೊಂದಲ ಹೆಚ್ಚು, ಏಕೆಂದರೆ ಅಲ್ಲಿ ಊತ ಇರುವುದೇ ಅಪರೂಪ. ಎರಡು ದಿನ ತಗ್ಗಿದ್ದ ನೋವು ಮೂರು–ಐದನೇ ದಿನಕ್ಕೆ ಮರುಕಳಿಸಿ ಕಿವಿಯವರೆಗೆ ಸೆಳೆಯುತ್ತದೆ, ಬಾಯಲ್ಲಿ ಕೆಟ್ಟ ರುಚಿ, ವಾಸನೆ. ಹೆಪ್ಪು ಕರಗಿ ಮೂಳೆ ಬಯಲಾಗಿರುವುದೇ ಕಾರಣ. ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತುಂಬಾ ಕಷ್ಟಪಟ್ಟು ಕೀಳಬೇಕಾದ ಹಲ್ಲುಗಳಲ್ಲಿ ಇದು ಹೆಚ್ಚು. ದಯವಿಟ್ಟು ಇದಕ್ಕೆ ನೀವೇ ಆಂಟಿಬಯೋಟಿಕ್ ನುಂಗಬೇಡಿ. ನಾನು ಮಾಡುವುದು ಗುಳಿಯನ್ನು ಸಲೈನ್‌ನಿಂದ ತೊಳೆದು, ಯೂಜೆನಾಲ್ (ಲವಂಗದೆಣ್ಣೆಯ ಸಾರ) ಇರುವ ಡ್ರೆಸ್ಸಿಂಗ್ ಇಡುವುದು. ಎಷ್ಟೋ ಸಲ ಅದೇ ದಿನ ನೋವು ತಗ್ಗುತ್ತದೆ.

ಸೋಂಕಿನ ಊತವನ್ನು ಬೆರಳಿಗೇ ತಿಳಿಯಬಹುದು. ಸಹಜ ಊತ ಒತ್ತಿದರೆ ಮೆತ್ತಗೆ. ಸೋಂಕಿನದು ಬಿಗಿ, ಬಿಸಿ, ಮೇಲೆ ಕೆಂಪು. ಕೀವು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಸೇರಿದರೆ ಅದೇ ದಿನ ಬರಬೇಕು. ನಾಲಿಗೆಯ ಕೆಳಗೆ ಅಥವಾ ಗದ್ದದ ಅಡಿಯಲ್ಲಿ ಎರಡೂ ಕಡೆ ಗಟ್ಟಿಯಾಗಿ ಊದಿದರೆ, ಎಂಜಲು ನುಂಗಲಾಗದಿದ್ದರೆ, ಉಸಿರು ಕಟ್ಟಿದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಶ್ವಾಸದ ದಾರಿ ಮುಚ್ಚಿಹೋಗುವ ಅಪಾಯವಿದೆ.

ಕತ್ತಿನವರೆಗೆ ಇಳಿಯುವ ಹಳದಿ–ಹಸಿರು ಕಲೆ ಬರೀ ರಕ್ತದ್ದು, ತಾನೇ ಮಾಯವಾಗುತ್ತದೆ. ಬಾಯಿ ತೆರೆಯಲು ಬಿಗಿತವಿದ್ದರೆ ಮೂರನೇ ದಿನದಿಂದ ಬಿಸಿ ಶಾಖ, ನೋವು ಮಿತಿಮೀರದಷ್ಟು ಬಾಯಿ ತೆರೆಯುವ ಅಭ್ಯಾಸ. ಮೂರು ಬೆರಳು ನೆಟ್ಟಗೆ ಹಿಡಿಸಿದರೆ ಸರಿಹೋಯಿತೆಂದು ಲೆಕ್ಕ. ತುಟಿ ಅಥವಾ ನಾಲಿಗೆ ಮರುದಿನವೂ ಮರಗಟ್ಟಿಯೇ ಇದ್ದರೆ ತಿಳಿಸಿ. ನರಕ್ಕೆ ಪೆಟ್ಟಾಗಿರಬಹುದು, ಮೊದಲಿನಿಂದಲೇ ಗುರುತಿಟ್ಟುಕೊಳ್ಳಬೇಕು.

ಕೆಳಗಿನ ಗುಳಿ ತುಂಬಲು ವಾರಗಳೇ ಬೇಕು, ಅಷ್ಟರಲ್ಲಿ ಊಟದ ಚೂರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ವಾರದ ನಂತರ ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜ್ ಕೊಟ್ಟು, ಊಟವಾದ ಮೇಲೆ ತೊಳೆಯಲು ಹೇಳುತ್ತೇನೆ. ಎಲ್ಲ ವಾಸಿಯಾಯಿತೆಂದು ಮರೆತ ಮೇಲೆ, ತಿಂಗಳ ಹೊತ್ತಿಗೆ ಕೆನ್ನೆ ಮತ್ತೆ ಊದುವುದು ಹಲವು ಸಲ ಇಂಥ ಚೂರಿನಿಂದಲೇ.