ಕಾರನ್ನು ತೊಳೆಯಬೇಡಿ, ನಾನು ಬರುತ್ತೇನೆ

ಉಡುಪಿ ಜಿಲ್ಲೆಯ ಬಾರ್ಕೂರಿನ ಹತ್ತಿರದ ಮನೆಯೊಂದರಿಂದ ಫೋನ್ ಬಂದಾಗ ನಾನು ಹೇಳಿದ್ದು ಇಷ್ಟೇ: "ಕಾರನ್ನು ತೊಳೆಯಬೇಡಿ, ನಾನು ಬರುತ್ತೇನೆ." ಮರುದಿನ ಬೆಳಿಗ್ಗೆ ಅಲ್ಲಿಗೆ ತಲುಪಿದರೆ ಅಂಗಳದಲ್ಲಿ ಬಕೆಟ್ಟು, ಸೋಪಿನ ಪುಡಿ, ಹಳೆಯ ಲುಂಗಿಯ ಚಿಂದಿ ಎಲ್ಲವೂ ಸಿದ್ಧವಾಗಿದ್ದವು. ಫೋನ್ ಇನ್ನರ್ಧ ಗಂಟೆ ತಡವಾಗಿದ್ದರೆ ನನಗೆ ಬೇಕಾದ ಸಾಕ್ಷ್ಯದಲ್ಲಿ ಅರ್ಧ ಭಾಗ ತೆಂಗಿನ ಬುಡಕ್ಕೆ ಹರಿದುಹೋಗುತ್ತಿತ್ತು.

ಹಂಚಿನ ಮಾಡಿನ ಕೊಟ್ಟಿಗೆಯಲ್ಲಿ ನಿಂತಿದ್ದದ್ದು ಅಂಬಾಸಿಡರ್ ಮಾರ್ಕ್ 2. ಆರ್‌ಸಿ ಪುಸ್ತಕದ ಪ್ರಕಾರ 1969ರ ನೋಂದಣಿ, ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆ. ಉಡುಪಿ ಆಗ ಜಿಲ್ಲೆಯಾಗಿರಲಿಲ್ಲ. ಪುಸ್ತಕದ ಮೊಹರು ಮಂಗಳೂರಿನದು. ಮನೆಯ ಯಜಮಾನರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಕಾರು ಅಲುಗಾಡಿರಲಿಲ್ಲ. ಮಗನಿಗೆ ಈಗ ಅದನ್ನು ವಿಂಟೇಜ್ ವಾಹನವಾಗಿ ನೋಂದಾಯಿಸುವ ಆಸೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ, ಬಾಡಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರದ ವಾಹನಕ್ಕೆ ಸಂಖ್ಯೆಯ ನಡುವೆ ‘ವಿಎ’ ಅಕ್ಷರಗಳು ಬರುವ ಪ್ರತ್ಯೇಕ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ. ಈ ‘ಮೂಲರೂಪ’ ಎಂಬ ಮಾತನ್ನು ಪರೀಕ್ಷಿಸುವುದೇ ನನ್ನ ಕೆಲಸ.

ಮೊದಲ ಎರಡು ಗಂಟೆ ನಾನು ಏನನ್ನೂ ಮುಟ್ಟುವುದಿಲ್ಲ. ಟಾರ್ಚ್, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಭೂತಗನ್ನಡಿ, ಬಟ್ಟೆ ಸುತ್ತಿದ ಅಯಸ್ಕಾಂತ, ತೆಳು ಕಾಗದ, ಪೆನ್ಸಿಲ್ ಮತ್ತು ಮೊಬೈಲ್, ಇಷ್ಟೇ ನನ್ನ ಸಾಮಾನು. ಧೂಳು ಇದ್ದ ಹಾಗೆಯೇ ಫೋಟೋ ತೆಗೆಯುತ್ತೇನೆ. ಧೂಳು ಎಲ್ಲ ಕಡೆ ಒಂದೇ ಸಮ ಕೂತಿದ್ದರೆ ಅಲ್ಲಿಗೆ ಇತ್ತೀಚೆಗೆ ಯಾರ ಕೈಯೂ ಹೋಗಿಲ್ಲ. ಒಂದು ತಿರುಪಿನ ಸುತ್ತ ಮಾತ್ರ ತೆಳುವಾಗಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ.

ಎಂಜಿನ್ನಿನಿಂದ ಶುರು ಮಾಡಿದೆ. ನಮ್ಮ ಕರಾವಳಿಯಲ್ಲಿ ಅಂಬಾಸಿಡರ್‌ಗೆ ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸದ ಗ್ಯಾರೇಜು ಒಂದು ಕಾಲದಲ್ಲಿ ಅಪರೂಪ. ಪೆಟ್ರೋಲ್ ಎಂಜಿನ್ ಕಂಡ ಮಾತ್ರಕ್ಕೆ ನಂಬುವಂತಿಲ್ಲ, ಡೀಸೆಲ್ ಹಾಕಿ ಓಡಿಸಿ ಮತ್ತೆ ಪೆಟ್ರೋಲ್ ಕೂರಿಸಿದ ಕಾರುಗಳನ್ನೂ ನೋಡಿದ್ದೇನೆ. ಆದ್ದರಿಂದ ಎಂಜಿನ್ನಿಗಿಂತ ಮೊದಲು ಅದು ಕೂರುವ ಮೌಂಟಿಂಗ್ ನೋಡಬೇಕು. ಕತ್ತರಿಸಿ ವೆಲ್ಡಿಂಗ್ ಮಾಡಿದ ಗುರುತನ್ನು ಎಷ್ಟು ಉಜ್ಜಿದರೂ ಕನ್ನಡಿ ತೋರಿಸಿಕೊಡುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. 1489 ಸಿಸಿಯ ಅದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಿನ್ಯಾಸದ ಪೆಟ್ರೋಲ್ ಎಂಜಿನ್, ಆರ್‌ಸಿಯಲ್ಲಿದ್ದ ಅದೇ ಸಂಖ್ಯೆ.

ಸಂಖ್ಯೆಯನ್ನು ಕಣ್ಣಿನಿಂದ ಓದಿ ಮುಗಿಸುವವನಲ್ಲ ನಾನು. ಆರ್‌ಟಿಒ ಕಚೇರಿಗೆ ಕೊಡುವ ಹಾಗೆಯೇ ಪೆನ್ಸಿಲ್ ಪ್ರಿಂಟ್ ತೆಗೆಯುತ್ತೇನೆ. ಬಾನೆಟ್ಟಿನ ಕೆಳಗೆ ತಗಡಿಗೆ ಒತ್ತಿದ್ದ ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದ ಹಿಡಿದು, ಪೆನ್ಸಿಲ್ಲಿನ ಮೊನೆಯನ್ನು ಅಡ್ಡ ಮಲಗಿಸಿ ಮೆಲ್ಲನೆ ಉಜ್ಜಿದೆ. ಕಪ್ಪಿನ ನಡುವೆ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಮೂರನೆಯ ಅಂಕಿ ತುಸು ಎಡಕ್ಕೆ ವಾಲಿತ್ತು, ಕೊನೆಯದು ಉಳಿದವಕ್ಕಿಂತ ಆಳಕ್ಕೆ ಇಳಿದಿತ್ತು. ಮನೆಯ ಮಗನಿಗೆ ಗಾಬರಿಯಾಯಿತು. "ಇದು ಸೊಟ್ಟ ಇದೆಯಲ್ಲ ಮಾರಾಯರೇ, ಯಾರಾದರೂ ತಿದ್ದಿದ್ದಾರಾ?" ಎಂದು ಕೇಳಿದರು. ಸೊಟ್ಟಗಿರುವುದಕ್ಕೆ ನಾನು ಹೆದರುವುದಿಲ್ಲ. ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದ ಅಂಕಿಗಳು ಹಾಗೆಯೇ ಇರುತ್ತವೆ. ಹೆದರಬೇಕಾದ್ದು ಅಂಕಿಗಳ ನಡುವಿನ ಜಾಗಕ್ಕೆ. ಅಲ್ಲಿ ಗ್ರೈಂಡರ್ ಓಡಿದ್ದರೆ ಸಮಾನಾಂತರವಾದ ಸಣ್ಣ ಗೀರುಗಳು ಕಾಗದದ ಮೇಲೂ ಮೂಡುತ್ತವೆ. ಈ ಕಾಗದದಲ್ಲಿ ಗೀರುಗಳಿರಲಿಲ್ಲ, ತುಕ್ಕಿನ ಸಣ್ಣ ಚುಕ್ಕೆಗಳಷ್ಟೇ ಇದ್ದವು.

ಪಕ್ಕದಲ್ಲಿದ್ದ ಕಾರ್ಖಾನೆಯ ಫಲಕವನ್ನು ಒಣ ಬ್ರಷ್ಷಿನಿಂದ ಮಾತ್ರ ಸವರಿದೆ. ಇದಕ್ಕೊಂದು ಕಾರಣವಿದೆ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಮಂಗಳೂರಿನ ಒಂದು ಕಾರಿನ ಫಲಕವನ್ನು ಲೋಹ ಹೊಳೆಯಿಸುವ ದ್ರವ ಹಾಕಿ ಉಜ್ಜಿದ್ದೆ. ಹಿನ್ನೆಲೆಯ ಕಪ್ಪು ಬಣ್ಣ ಬಟ್ಟೆಗೆ ಬಂತು, ಅದರ ಜೊತೆಗೆ ತೆಳುವಾಗಿ ಅಚ್ಚಾಗಿದ್ದ ಅಕ್ಷರಗಳೂ ಹೋದವು. ನಲವತ್ತು ವರ್ಷ ಉಳಿದಿದ್ದನ್ನು ನಾನು ನಾಲ್ಕು ನಿಮಿಷದಲ್ಲಿ ಅಳಿಸಿದ್ದೆ. ಆ ಮನೆಯವರು ಏನೂ ಅನ್ನಲಿಲ್ಲ. ಆದರೂ ಆ ಬಟ್ಟೆಯ ತುಂಡು ಇವತ್ತಿಗೂ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ.

ಬಣ್ಣದ ವಿಷಯಕ್ಕೆ ಬಂದರೆ, ಪೇಂಟರ್‌ನ ಕೈ ಹೋಗದ ಜಾಗಗಳೇ ನನಗೆ ಮುಖ್ಯ. ಡಿಕ್ಕಿಯ ಒಳಮೈ, ಬಾಗಿಲಿನ ರೆಕ್ಸಿನ್ ಹಲಗೆಯ ಹಿಂಭಾಗ, ಡ್ಯಾಶ್‌ಬೋರ್ಡಿನ ಅಡಿ, ಎಲ್ಲ ಕಡೆಯೂ ಒಂದೇ ತಿಳಿ ಬೂದು. ಆರ್‌ಸಿಯಲ್ಲಿ ಬರೆದದ್ದೂ ಬೂದು. ಆದರೆ ಮುಂದಿನ ಬಲಗಡೆಯ ಮಡ್‌ಗಾರ್ಡಿನ ಹೊಳಪು ಬೇರೆ ಥರ ಇತ್ತು. ಅಯಸ್ಕಾಂತ ಇಟ್ಟರೆ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಅದು ನಿಲ್ಲದೆ ಜಾರಿತು, ಅಂದರೆ ಒಳಗೆ ಪುಟ್ಟಿ. ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಹತ್ತಿಗೆ ಥಿನ್ನರ್ ಮುಟ್ಟಿಸಿ ಒತ್ತಿದೆ, ಬೂದು ಬಣ್ಣ ಹತ್ತಿಗೆ ಬಂತು. ಡಿಕ್ಕಿಯ ಅಂಚಿನಲ್ಲಿ ಹಾಗೆಯೇ ಮಾಡಿದರೆ ಹತ್ತಿ ಕೊಳೆಯಾಯಿತೇ ಹೊರತು ಬಣ್ಣ ಬರಲಿಲ್ಲ. ಗ್ಯಾರೇಜಿನಲ್ಲಿ ಹೊಡೆದು ಗಾಳಿಗೆ ಒಣಗಿಸಿದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಥಿನ್ನರಿಗೆ ಕರಗುತ್ತದೆ, ಬಿಸಿಯಲ್ಲಿ ಬೇಯಿಸಿದ ಬಣ್ಣ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ದಯವಿಟ್ಟು ಈ ಪರೀಕ್ಷೆಯನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಮಾಡಬೇಡಿ.

ಬಲ ಮೂಲೆಗೆ ಪೆಟ್ಟು ಬಿದ್ದಿರುವುದು ಖಚಿತವಾಯಿತು. ಹಾಗಾದರೆ ಗ್ರಿಲ್?

ಗ್ರಿಲ್ ನೋಡಿದ ಕೂಡಲೇ ನನಗೆ ಅನುಮಾನ ಬಂದಿತ್ತು. ಮಾರ್ಕ್ 2ರ ಮುಖದಲ್ಲಿ ಒತ್ತೊತ್ತಾದ ಚೌಕುಳಿಯ ಜಾಲರಿ ಇರಬೇಕು. ಈ ಕಾರಿನದ್ದು ಅಡ್ಡ ಪಟ್ಟಿಗಳ ಗ್ರಿಲ್, ಅಂದರೆ 1975ರಲ್ಲಿ ಬಂದ ಮಾರ್ಕ್ 3ರದ್ದು. ಮನೆಯ ಮಗ ಒಪ್ಪಲಿಲ್ಲ. "ನಾನು ಸಣ್ಣವನಿದ್ದಾಗಿನಿಂದ ಇದೇ ಇರುವುದು" ಎಂದರು. ಅವರ ನೆನಪು ಸುಳ್ಳಲ್ಲ, ಅದು ಶುರುವಾದದ್ದು ತಡವಾಗಿ ಅಷ್ಟೇ. ತಿರುಪುಗಳನ್ನು ತೋರಿಸಿದೆ. ಕಾರಿನ ಬೇರೆ ಕಡೆ ತಲೆಯಲ್ಲಿ ಒಂದೇ ಗೀಟಿನ ತಿರುಪುಗಳು, ಗೀಟಿನೊಳಗೆ ಹಳೆಯ ಕೊಳೆ ಗಟ್ಟಿಯಾಗಿ ಕೂತಿದೆ. ಗ್ರಿಲ್ಲಿಗೆ ಹಾಕಿದವು ಕೂಡಿಸುವ ಚಿಹ್ನೆಯಂಥ ತಲೆಯವು, ಎರಡರ ಅಳತೆ ಬೇರೆ ಬೇರೆ. ಕನ್ನಡಿ ಹಿಡಿದು ಹಿಂಬದಿ ನೋಡಿದರೆ ಉಪಯೋಗಕ್ಕಿಲ್ಲದ ಎರಡು ತೂತುಗಳು, ಅವುಗಳ ಅಂಚಿನೊಳಗೂ ಬೂದು ಬಣ್ಣ ಇಳಿದಿದೆ. ಪಕ್ಕದಲ್ಲೇ ಕೊರೆದ ಹೊಸ ತೂತುಗಳ ಅಂಚು ಒರಟು, ಬಣ್ಣವೇ ಇಲ್ಲದೆ ತುಕ್ಕು ಹಿಡಿದಿದೆ. ಬಣ್ಣ ಹೊಡೆಯುವ ಮೊದಲು ಕೊರೆದದ್ದು ಯಾವುದು, ನಂತರ ಕೊರೆದದ್ದು ಯಾವುದು ಎಂದು ಆ ಅಂಚುಗಳೇ ಹೇಳುತ್ತಿದ್ದವು.

ಅಷ್ಟು ಹೊತ್ತು ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದ ಅಮ್ಮ ಮಾತಿಲ್ಲದೆ ಒಳಗೆ ಹೋಗಿ ಒಂದು ಆಲ್ಬಮ್ ತಂದರು. ನಾದಿನಿಯ ಮದುವೆಯ ಕಪ್ಪು ಬಿಳುಪು ಚಿತ್ರ. ಮದುಮಕ್ಕಳ ಹಿಂದೆ ಇದೇ ಕಾರು, ಮುಂಭಾಗಕ್ಕೆ ಶಂಕರಪುರ ಮಲ್ಲಿಗೆಯ ದಪ್ಪ ಮಾಲೆ. ಮಾಲೆ ಗ್ರಿಲ್ಲಿನ ಮೇಲರ್ಧವನ್ನು ಮುಚ್ಚಿತ್ತು. ಭೂತಗನ್ನಡಿ ಹಿಡಿದೆ. ಹೂವಿನ ಕೆಳಗೆ ಸಣ್ಣ ಸಣ್ಣ ಚೌಕಗಳ ಮೂರು ಸಾಲು ಸ್ಪಷ್ಟವಾಗಿ ಕಾಣುತ್ತಿದ್ದವು. "ಸಂತೆಕಟ್ಟೆಯ ಹತ್ತಿರ ಲಾರಿಗೆ ತಾಗಿತ್ತು" ಎಂದರು ಅಮ್ಮ. "ಇವನು ಆಗ ತೊಟ್ಟಿಲಲ್ಲಿದ್ದ. ಹಳೆಯದು ಸಿಗಲಿಲ್ಲ ಎಂದು ಇದನ್ನು ಹಾಕಿಸಿದರು." ಅಂದಿನಿಂದ ನಾನು ಹೋದ ಮನೆಯಲ್ಲೆಲ್ಲ ಮೊದಲು ಮದುವೆಯ ಆಲ್ಬಮ್ ಕೇಳುತ್ತೇನೆ. ನಮ್ಮಲ್ಲಿ ಕಾರಿನ ಫೋಟೋ ಯಾರೂ ತೆಗೆಸುತ್ತಿರಲಿಲ್ಲ, ಆದರೆ ಮದುವೆಯ ಫೋಟೋದಲ್ಲಿ ಕಾರು ತಪ್ಪುತ್ತಿರಲಿಲ್ಲ.

ಉಳಿದದ್ದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಗಾಜುಗಳ ಮೂಲೆಯಲ್ಲಿರುವ ತಯಾರಕರ ಗುರುತನ್ನು ಒಂದೊಂದಾಗಿ ನೋಡಿದೆ, ಮುಂದಿನ ಗಾಜು ಬಿಟ್ಟು ಎಲ್ಲವೂ ಒಂದೇ ಕಡೆಯವು. ವೈರಿಂಗ್ ಹತ್ತಿಯ ಹೆಣಿಗೆ ಸುತ್ತಿದ ಹಳೆಯದೇ. ಕಾರಿನ ವಿದ್ಯುತ್ ಉಪಕರಣ ತಯಾರಿಸುತ್ತಿದ್ದ ಬ್ರಿಟನ್ನಿನ ಲ್ಯೂಕಸ್ ಕಂಪನಿಯ ಬಣ್ಣದ ಪದ್ಧತಿಯಂತೆ ಬ್ಯಾಟರಿಯಿಂದ ಬರುವುದು ಕಂದು, ಇಗ್ನಿಷನ್ನಿಗೆ ಬಿಳಿ, ಹೆಡ್‌ಲೈಟಿಗೆ ನೀಲಿ, ಅರ್ಥಿಂಗಿಗೆ ಕಪ್ಪು. ನಡುವೆ ಹಾರ್ನಿಗೆ ಎಳೆದ ಒಂದು ಹಳದಿ ಪ್ಲಾಸ್ಟಿಕ್ ವೈರ್ ಮಾತ್ರ ಯಾರೋ ಸೇರಿಸಿದ್ದು. ಹಿಂದಿನ ಸೀಟಿನ ರೆಕ್ಸಿನ್ ಮೂಲದ್ದು, ಮುಂದಿನದ್ದನ್ನು ಕುಶನ್ ಅಂಗಡಿಯವರು ಬದಲಿಸಿದ್ದಾರೆ. ಹೊಲಿಗೆಯ ಅಂತರ ನೋಡಿದರೆ ತಿಳಿಯುತ್ತದೆ.

ಬಾಗಿಲಿನ ಹಿಡಿಗಳ ಕ್ರೋಮಿಯಂ ತುಂಬ ಸಣ್ಣ ಗುಳ್ಳೆಗಳೆದ್ದಿದ್ದವು. ಅಯಸ್ಕಾಂತ ಅಂಟಲಿಲ್ಲ, ಅಂದರೆ ಒಳಗಿರುವುದು ಸತುವಿನ ಎರಕ. ನಮ್ಮ ಉಪ್ಪುಗಾಳಿಗೆ ಅದು ಹೀಗೆಯೇ ಗುಳ್ಳೆಯೇಳುತ್ತದೆ. ಮಗ ಅವನ್ನು ಬಿಚ್ಚಿ ಹೊಸದಾಗಿ ಕ್ರೋಮಿಯಂ ಹಾಕಿಸಲು ಹೊರಟಿದ್ದರು, ನಾನು ಬೇಡವೆಂದೆ. ಗುಳ್ಳೆಯೆದ್ದ ಎರಕವನ್ನು ಪಾಲಿಶ್ ಮಾಡಿದರೆ ಅಂಚುಗಳ ಚೂಪು ಹೋಗಿ ಅದು ಬೇರೆಯದೇ ಹಿಡಿಯಾಗುತ್ತದೆ. ಅವರ ತಂದೆ ದಿನವೂ ಹೆಬ್ಬೆರಳಿಟ್ಟು ಒತ್ತಿ ಒತ್ತಿ ಸವೆದ ಗುಂಡಿ ಅದರಲ್ಲಿದೆ.

ವರದಿಯಲ್ಲಿ ಪ್ರತಿಯೊಂದು ಭಾಗದ ಎದುರೂ ಮೂರರಲ್ಲಿ ಒಂದು ಮಾತು ಬರೆಯುತ್ತೇನೆ: ಕಾರ್ಖಾನೆಯದ್ದು, ನಂತರ ಬಂದದ್ದು, ನಿರ್ಧರಿಸಲಾಗಲಿಲ್ಲ. ಮೂರನೆಯದನ್ನು ಬರೆಯಬೇಡಿ, ಬೆಲೆ ಇಳಿಯುತ್ತದೆ ಎಂದು ಒತ್ತಾಯಿಸುವವರಿದ್ದಾರೆ. ಅಂಥ ವರದಿ ನನ್ನ ಕೈಯಿಂದ ಹೋಗುವುದಿಲ್ಲ. ಈ ಕಾರಿಗೆ ಗ್ರಿಲ್, ಬಲ ಮಡ್‌ಗಾರ್ಡಿನ ಬಣ್ಣ, ಮುಂದಿನ ಗಾಜು, ಮುಂದಿನ ಸೀಟು ಮತ್ತು ಒಂದು ವೈರ್ ‘ನಂತರ ಬಂದದ್ದು’ ಎಂದಾಯಿತು. ಚಕ್ರಗಳ ನಡುವಿನ ಮುಚ್ಚಳಗಳು (ವೀಲ್ ಕಪ್) ‘ನಿರ್ಧರಿಸಲಾಗಲಿಲ್ಲ’. ಬಾಡಿ, ಎಂಜಿನ್ ಮತ್ತು ಸಂಖ್ಯೆಗಳು ಕಾರ್ಖಾನೆಯಿಂದ ಬಂದ ಹಾಗೆಯೇ ಇವೆ. ಮಾರ್ಕ್ 2ರ ಗ್ರಿಲ್ ಗುಜರಿಯಲ್ಲಿ ಸಿಕ್ಕರೆ ತಂದು ಹಾಕಿ, ಆದರೆ ಈಗಿನದನ್ನು ಎಸೆಯಬೇಡಿ ಎಂದು ಕೊನೆಯಲ್ಲಿ ಬರೆದೆ.

ಮಳೆಗಾಲಕ್ಕೆ ಇನ್ನು ಮೂರು ವಾರವಿತ್ತು. ಹೊರಡುವ ಮೊದಲು ಹಿಡಿಸೂಡಿಯ ಒಂದು ಕಡ್ಡಿ ಕೇಳಿ ತೆಗೆದುಕೊಂಡು, ನಾಲ್ಕೂ ಬಾಗಿಲುಗಳ ಅಡಿಯಲ್ಲಿರುವ ನೀರು ಇಳಿಯುವ ತೂತುಗಳನ್ನು ಬಿಡಿಸಿದೆ. ಗಟ್ಟಿಯಾದ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು. ಮೂರು ಬಾಗಿಲುಗಳ ತಳ ಗಟ್ಟಿಯಾಗಿತ್ತು. ನಾಲ್ಕನೆಯದರಲ್ಲಿ ಕಡ್ಡಿ ತಗಡನ್ನು ದಾಟಿ ಹೊರಗೆ ಬಂತು. ಅದನ್ನೂ ವರದಿಗೆ ಸೇರಿಸಿದೆ.