ಕೋಳಿ ರಕ್ತದಲ್ಲಿ ಫ್ಲೂ ವೈರಸ್ಸಿನ ಮೊದಲ ಹೆಜ್ಜೆ: ಮಂಗಳೂರಿನ ಸೆಖೆಯಲ್ಲಿ ನನ್ನ ಅನುಭವ

ಎಂಡಿಸಿಕೆ ಕೋಶಗಳು (ಫ್ಲೂ ವೈರಸ್ ಬೆಳೆಸಲು ಬಳಸುವ ನಾಯಿ ಮೂತ್ರಪಿಂಡದ ಕೋಶಗಳು), ಇನ್‌ಕ್ಯುಬೇಟರ್, ಬಯೋಸೇಫ್ಟಿ ಕ್ಯಾಬಿನೆಟ್ ಇಲ್ಲದೆ ಇನ್‌ಫ್ಲುಯೆಂಜಾ ಕೋಶಕ್ಕೆ ನುಗ್ಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸಲಾಗದು ಎಂದೇ ಬಹಳ ಮಂದಿ ಹೇಳಿದರು. ಪೂರ್ತಿ ಪ್ರವೇಶ ತೋರಿಸಲಾಗದು, ನಿಜ. ಆದರೆ ಮೊದಲ ಹೆಜ್ಜೆ, ಅಂದರೆ ಕೋಶದ ಮೇಲಿನ ಸಕ್ಕರೆಯಾದ ಸಿಯಾಲಿಕ್ ಆಮ್ಲವನ್ನು ಹಿಡಿಯುವುದು ಮತ್ತು ಬಿಡಿಸಿಕೊಳ್ಳುವುದು, ಕೋಳಿ ರಕ್ತದಲ್ಲೇ ಬರಿಗಣ್ಣಿಗೆ ಕಾಣುತ್ತದೆ. 1941-42ರಲ್ಲಿ ಅಮೆರಿಕದ ವೈರಸ್ ವಿಜ್ಞಾನಿ ಜಾರ್ಜ್ ಹರ್ಸ್ಟ್ ಕಂಡದ್ದು ಇದನ್ನೇ. ಈಗ ನಮ್ಮಲ್ಲಿ ಹತ್ತು ಸಲ ಮಾಡಿದರೆ ಒಂಬತ್ತು ಸಲ ಸರಿಯಾಗಿ ಬರುತ್ತದೆ.

ಮೊದಲು ರಕ್ತದ ವಿಷಯ. ಕೋಳಿ ಅಂಗಡಿಯಲ್ಲಿ ಕೊಯ್ಯುವಾಗ ಹಿಡಿದ ರಕ್ತದಿಂದ ಮೂರು ಬ್ಯಾಚ್ ಹಾಳಾಯಿತು. ಕತ್ತರಿಸಿದ ಮಾಂಸದ ರಸ ತಾಗಿದರೆ ಕೋಳಿ ರಕ್ತ ನೋಡುನೋಡುತ್ತಲೇ ಹೆಪ್ಪುಗಟ್ಟುತ್ತದೆ. ಆಮೇಲೆ ಎಷ್ಟು ಸಿಟ್ರೇಟ್ ಸುರಿದರೂ ಪ್ರಯೋಜನವಿಲ್ಲ. ಬಿಸಿನೀರಿನ ಹನಿ ಬಿದ್ದರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಪಶುವೈದ್ಯರಿಂದ ರೆಕ್ಕೆಯ ರಕ್ತನಾಳದಿಂದಲೇ ತೆಗೆಸಬೇಕು. ಸಿರಿಂಜಿನಲ್ಲಿ ಮೊದಲೇ 2 ಮಿಲಿ ಆಲ್ಸೀವರ್ (ರಕ್ತ ಹೆಪ್ಪುಗಟ್ಟದಂತೆ ಕಾಪಾಡುವ ದ್ರಾವಣ) ಇರಲಿ, ಅದಕ್ಕೆ 2 ಮಿಲಿ ರಕ್ತ. ಒಂದೇ ಹಕ್ಕಿಯನ್ನು ನಂಬಬೇಡಿ, ಮೂರರದ್ದು ಸೇರಿಸಿ.

ಆಲ್ಸೀವರ್ ಒಂದು ಲೀಟರಿಗೆ: ಡೆಕ್ಸ್‌ಟ್ರೋಸ್ 20.5 ಗ್ರಾಂ, ಸೋಡಿಯಂ ಸಿಟ್ರೇಟ್ 8, ಉಪ್ಪು 4.2, ಸಿಟ್ರಿಕ್ ಆಮ್ಲ 0.55. 121 ಡಿಗ್ರಿಯಲ್ಲಿ ಎಂದಿನಂತೆ ಆಟೋಕ್ಲೇವ್ ಮಾಡಿದರೆ ಸಕ್ಕರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಫಿಲ್ಟರ್ ಮಾಡುವುದೇ ಒಳ್ಳೆಯದು.

ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು. ಫಾರಂ ಕೋಳಿಗಳಿಗೆ ರಾಣಿಖೇತ್ ಲಸಿಕೆ ಆಗಿರುತ್ತದೆ, ಹಾಗಾಗಿ ಅವುಗಳ ಪ್ಲಾಸ್ಮಾದಲ್ಲಿ ಪ್ರತಿಕಾಯ ಇದ್ದೇ ಇರುತ್ತದೆ. ಎರಡು ಸಲ ತೊಳೆದು ಬಿಟ್ಟಾಗ ಲಸೋಟಾ ವೈರಸ್ಸಿನ (ರಾಣಿಖೇತ್ ಲಸಿಕೆಯ ತಳಿ) ಟೈಟರ್, ಅಂದರೆ ಎಷ್ಟು ಪಟ್ಟು ತೆಳುವಾಗಿಸಿದರೂ ಕಣಗಳನ್ನು ಅಂಟಿಸುತ್ತದೆ ಎಂಬ ಅಳತೆ, 64ರಿಂದ 8ಕ್ಕೆ ಇಳಿದದ್ದುಂಟು. ಫಾಸ್ಫೇಟ್ ಬೆರೆಸಿದ ಉಪ್ಪುನೀರಾದ ಪಿಎಚ್ 7.2ರ ಪಿಬಿಎಸ್‌ನಲ್ಲಿ ಮೂರು ಸಲ, ಪ್ರತಿ ಸಲ 1500 ಆರ್‌ಪಿಎಂನಲ್ಲಿ ಸುಮಾರು 10 ನಿಮಿಷ. ಮೇಲಿನ ಬಿಳಿ ಪೊರೆಯನ್ನೂ ಹೀರಿ ತೆಗೆಯಬೇಕು. ಫಾಸ್ಫೇಟ್ ಇಲ್ಲದ ಬರೀ ಸಲೈನ್ ಬಳಸಿದರೆ ವೈರಸ್ ಹಾಕದ ಬಾವಿಯಲ್ಲೂ (ಪ್ಲೇಟಿನ ಪುಟ್ಟ ಗುಳಿ) ಕಣಗಳು ಒರಟಾಗಿ ಹರಡಿ ಕೂರುತ್ತವೆ. ಆಮೇಲೆ 10 ಮಿಲಿ ಪಿಬಿಎಸ್‌ಗೆ 50 ಮೈಕ್ರೋಲೀಟರ್ ಒತ್ತಿದ ಕಣ ಹಾಕಿದರೆ 0.5 ಶೇಕಡಾ. ಗಟ್ಟಿ ಕಣ ಟಿಪ್ಪಿನಲ್ಲಿ ಅಂಟುತ್ತದೆ. ತುದಿ ಕತ್ತರಿಸಿ, ನಿಧಾನ ಎಳೆದು, ಹೊರಗೆ ಅಂಟಿದ್ದನ್ನು ಒರೆಸಿ. ಇದೊಂದು ತಪ್ಪಿದ್ದಕ್ಕೇ ವಾರಗಟ್ಟಲೆ ಬೇರೆ ಬೇರೆ ಟೈಟರ್ ಬರುತ್ತಿತ್ತು.

ವೈರಸ್‌ಗೆ ಎರಡು ಮೂಲ. ಒಂದು, ಸ್ಪ್ಲಿಟ್ (ವೈರಸ್ಸನ್ನು ಒಡೆದು ಮಾಡಿದ) ಫ್ಲೂ ಲಸಿಕೆ: ಅರ್ಧ ಮಿಲಿಯಲ್ಲಿ ಪ್ರತಿ ತಳಿಗೆ 15 ಮೈಕ್ರೋಗ್ರಾಂ ಹೀಮಾಗ್ಲುಟಿನಿನ್, ಅಂದರೆ ಸಿಯಾಲಿಕ್ ಆಮ್ಲ ಹಿಡಿಯುವ ಪ್ರೋಟೀನ್. ನನ್ನ ಕೈಯಲ್ಲಿ ಟೈಟರ್ ಸುಮಾರು 256, ಕೆಲವೊಮ್ಮೆ 512. ಡೋಸಿಗೆ ಒಂದೂವರೆ ಸಾವಿರ ರೂಪಾಯಿಯ ಮೇಲೆ, ಹಾಗಾಗಿ ಅವಧಿ ಮೀರಿದ್ದನ್ನೂ ಬಿಡುವುದಿಲ್ಲ. ಇನ್ನೊಂದು, ಕೋಳಿಯ ಲಸೋಟಾ ಲಸಿಕೆ. ಅದು ಪ್ಯಾರಾಮಿಕ್ಸೊ ವೈರಸ್, ಫ್ಲೂ ಅಲ್ಲ. ಹಿಡಿಯುವುದೂ ಸಿಯಾಲಿಕ್ ಆಮ್ಲವನ್ನೇ, ಬೆಲೆ ಮಾತ್ರ ನೂರಿನ್ನೂರು ರೂಪಾಯಿ. ಲೇಬಲ್ಲಿನಂತೆ ಲೀಟರುಗಟ್ಟಲೆ ನೀರಿನಲ್ಲಿ ಕರಗಿಸಿದರೆ ಏನೂ ಕಾಣುವುದಿಲ್ಲ. 1000 ಡೋಸಿನ ಸೀಸೆಯನ್ನು 3 ಮಿಲಿ ಪಿಬಿಎಸ್‌ನಲ್ಲಿ ಕರಗಿಸಿ. ಇದು ಜೀವಂತ ವೈರಸ್, ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗುತ್ತದೆ. ಕನ್ನಡಕ ಹಾಕಿ, ಉಳಿದದ್ದನ್ನು 1 ಶೇಕಡಾ ಹೈಪೋಕ್ಲೋರೈಟಿನಲ್ಲಿ ಅರ್ಧ ಗಂಟೆ ಇಡಿ, ಆ ದಿನ ಕೋಳಿ ಗೂಡಿನ ಕಡೆ ಹೋಗಬೇಡಿ.

ವಿ-ತಳದ ಪ್ಲೇಟು, ಬಾವಿಗೆ 25 ಮೈಕ್ರೋಲೀಟರ್ ಪಿಬಿಎಸ್, ವೈರಸ್ಸನ್ನು ಎರಡರಷ್ಟು ತೆಳುವಾಗಿಸುತ್ತಾ 12 ಬಾವಿ, ಮತ್ತೆ 25 ಪಿಬಿಎಸ್, ಕೊನೆಗೆ 25 ಕಣ. ಲಸೋಟಾಕ್ಕೆ ಕಣ 1 ಶೇಕಡಾ ಇರಲಿ. ಮನುಷ್ಯರ ಓ ಗುಂಪಿನ ಕಣವಾದರೆ ಯು-ತಳದ ಪ್ಲೇಟು ಬೇಕು, ಒಂದು ಗಂಟೆ ಕಾಯಬೇಕು.

ಈಗ ನಮ್ಮ ಊರಿನ ನಿಜವಾದ ತೊಡಕು. ಪುಸ್ತಕದಲ್ಲಿ 'ಕೋಣೆಯ ಉಷ್ಣತೆ' ಎಂದಿದ್ದರೆ ಅದು 20ರಿಂದ 25 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿಯ ಬೆಂಚಿನ ಮೇಲೆ 32. 20ನೇ ನಿಮಿಷಕ್ಕೆ ವೈರಸ್ ಹಿಡಿದ ಕಣಗಳು ತಳದಲ್ಲಿ ಹರಡಿ ಚೆಂದದ ಹಾಸು ಕಾಣುತ್ತದೆ, 45ನೇ ನಿಮಿಷಕ್ಕೆ ಹಾಸಿನ ಸಾಲು ಮುಗಿಯುವ ಅಂಚಿನ ಬಾವಿಗಳಲ್ಲಿ ಕಣಗಳು ಹಿಡಿತ ತಪ್ಪಿ ಜಾರಿ ತಳದ ನಡುವೆ ಬಟನ್ ಆಗಿಬಿಡುತ್ತವೆ. ಲಸಿಕೆ ಸತ್ತಿದೆ ಎಂದು ಅನುಮಾನಿಸಿ ಹೊಸ ಸೀಸೆಗಳಿಗೆ ಸುಮ್ಮನೆ ಖರ್ಚಾಯಿತು. ಸಾಯುವುದು ಬಿಡಿ, ವೈರಸ್ ಅಲ್ಲಿ ಕೆಲಸ ಮಾಡುತ್ತಿತ್ತು: ಅದರ ನ್ಯೂರಾಮಿನಿಡೇಸ್ ಎಂಬ ಕಿಣ್ವ ತಾನು ಹಿಡಿದ ಸಿಯಾಲಿಕ್ ಆಮ್ಲವನ್ನೇ ಕತ್ತರಿಸುತ್ತಿತ್ತು. ಒಂದೊಂದು ಹಿಡಿತ ತೀರಾ ದುರ್ಬಲ, ನೂರಾರು ಸೇರಿದರೆ ಮಾತ್ರ ಬಿಗಿ. ಆದ್ದರಿಂದ ವೈರಸ್ ಕಡಿಮೆಯಿರುವ ಅಂಚಿನ ಬಾವಿಯೇ ಮೊದಲು ಸೋಲುತ್ತದೆ. ಪ್ಲೇಟನ್ನು 4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಸಮಸ್ಯೆ ಮುಗಿಯಿತು. ಪಿಬಿಎಸ್, ಕಣ, ಪ್ಲೇಟ್ ಎಲ್ಲವೂ ಮೊದಲೇ ತಣ್ಣಗಿರಬೇಕು. ಓದುವಾಗ ಪ್ಲೇಟನ್ನು ಓರೆ ಮಾಡಿ: ಕಣ್ಣೀರಿನಂತೆ ಇಳಿದರೆ ಹಿಡಿತವಿಲ್ಲ. ತಣ್ಣನೆಯ ಪ್ಲೇಟಿನ ತಳಕ್ಕೆ ನಮ್ಮ ತೇವದ ಗಾಳಿ ಕೂಡಲೇ ಹನಿಗಟ್ಟುತ್ತದೆ. ಅದನ್ನು ತಡೆಯುವ ನನ್ನ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಆ ತೊಡಕೇ ಪಾಠದ ಎರಡನೇ ಭಾಗವಾಯಿತು. ತಣ್ಣಗೆ ಓದಿದ ಲಸೋಟಾ ಪ್ಲೇಟನ್ನು ಮುಚ್ಚಿ 37 ಡಿಗ್ರಿಗೆ ಹಾಕಿ, ಒಂದೆರಡು ಗಂಟೆ ಬಿಟ್ಟು ಅಲುಗಿಸಿ ಮತ್ತೆ ಕೂರಿಸಿ. ಬಿಟ್ಟುಕೊಂಡ ಕಣಗಳನ್ನು ಮತ್ತೆ 4 ಡಿಗ್ರಿಗೆ ತಂದರೂ ಅವು ಅಂಟುವುದಿಲ್ಲ. ಮೇಲಿನ ದ್ರವ ಮಾತ್ರ ಹೊಸ ಕಣಗಳನ್ನು ಎಂದಿನಂತೆ ಅಂಟಿಸುತ್ತದೆ. ಫ್ಲೂ ಲಸಿಕೆಯಲ್ಲಿ ಇದು ಮಂಕಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ನ್ಯೂರಾಮಿನಿಡೇಸ್ ಎಷ್ಟಿರಬೇಕೆಂದು ಯಾರೂ ಅಳತೆ ಕಟ್ಟಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ಮೊಟ್ಟೆಯ ಬಿಳಿಯದ್ದು ಅತ್ಯುತ್ತಮ. ಪಿಬಿಎಸ್‌ನಲ್ಲಿ ಹತ್ತರಷ್ಟು ತೆಳುವಾಗಿಸಿ, ಬಟ್ಟೆಯಲ್ಲಿ ಸೋಸಿ, ವೈರಸ್ ಜೊತೆ ಅರ್ಧ ಗಂಟೆ ಇಟ್ಟರೆ ಟೈಟರ್ ಎರಡು ಮೂರು ಬಾವಿ ಕುಸಿಯುತ್ತದೆ; ಅದರಲ್ಲಿರುವ ಓವೊಮ್ಯೂಸಿನ್ ಪ್ರೋಟೀನಿನ ಸಿಯಾಲಿಕ್ ಆಮ್ಲವೇ ವೈರಸ್ಸಿಗೆ ಮೋಸದ ಗಾಳ. ಹಲಸಿನ ಬೀಜದ ರಸ ಓ ಗುಂಪಿನ ಕಣವನ್ನು ಗಟ್ಟಿಯಾಗಿ ಅಂಟಿಸುತ್ತದೆ, 37 ಡಿಗ್ರಿಯಲ್ಲೂ ಬಿಡುವುದಿಲ್ಲ, ಗ್ಯಾಲಕ್ಟೋಸ್ ಹಾಕಿದರೆ ಸಡಿಲುತ್ತದೆ. ಅಂಟಿದ್ದೆಲ್ಲ ವೈರಸ್ ಅಲ್ಲ ಎನ್ನಲು ಇದಕ್ಕಿಂತ ಅಗ್ಗದ ಕಂಟ್ರೋಲ್ ಇಲ್ಲ.

ಎರಡನೇ ಹೆಜ್ಜೆಯಾದ ಪೊರೆ ಬೆಸುಗೆಯಲ್ಲಿ ಸೋಲೇ ಹೆಚ್ಚು. ಫ್ಲೂಗೆ ಎಂಡೋಸೋಮಿನ (ಕೋಶ ವೈರಸ್ಸನ್ನು ಒಳಗೆಳೆದುಕೊಳ್ಳುವ ಚೀಲ) ಹುಳಿ ಬೇಕು, ಪಿಎಚ್ 5ರಿಂದ 5.5. ಸಿಟ್ರೇಟ್ ಬಫರಿನಲ್ಲಿ 5.2ಕ್ಕೆ ಇಳಿಸಿ ಕಣ ಒಡೆಯಲೆಂದು ಎಷ್ಟು ಕಾದರೂ ಸ್ಪ್ಲಿಟ್ ಲಸಿಕೆಯಿಂದ ದ್ರವ ಕೆಂಪಾಗಲಿಲ್ಲ. ಆಗಲಾರದು ಕೂಡ: ಡಿಟರ್ಜೆಂಟ್ ವೈರಸ್ಸಿನ ಪೊರೆಯನ್ನೇ ಹರಿದಿರುತ್ತದೆ, ಬೆಸೆಯಲು ಎರಡನೇ ಪೊರೆ ಎಲ್ಲಿದೆ? ಲಸೋಟಾವನ್ನು ಎರಡು ಮೂರು ಸಲ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ, ಹುಳಿಯಿಲ್ಲದೆ ಪಿಎಚ್ 7.2ರಲ್ಲೇ 37 ಡಿಗ್ರಿಯಲ್ಲಿ ಮೇಲಿನ ದ್ರವ ತಿಳಿಗೆಂಪಾಗುತ್ತದೆ. ಅದು ಕೋಶದ ಹೊರಪೊರೆಯಲ್ಲೇ ಬೆಸೆಯುವ ಜಾತಿ. ಎರಡು ಟ್ಯೂಬನ್ನು ಅಕ್ಕಪಕ್ಕ ಇಟ್ಟು, ಫ್ಲೂ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂದು ತೋರಿಸುತ್ತೇವೆ.

ಖರ್ಚು ನೆನಪಿನಿಂದ: ಪ್ಲೇಟು ತಲಾ ನೂರರ ಆಸುಪಾಸು, ರಾಸಾಯನಿಕಗಳಿಗೆ ಸುಮಾರು ಎರಡು ಸಾವಿರ, ಪಶುವೈದ್ಯರಿಗೆ ಐನೂರು. ಸೆಂಟ್ರಿಫ್ಯೂಜ್ ಮತ್ತು ಪಿಪೆಟ್ ಇದ್ದವರಿಗೆ ಮೂವತ್ತು ಮಂದಿಯ ಒಂದು ಬ್ಯಾಚ್ ಐದು ಸಾವಿರ ದಾಟುವುದಿಲ್ಲ. ಆಲ್ಸೀವರಿನಲ್ಲಿಟ್ಟ ರಕ್ತವನ್ನು ನಾನು ಒಂದು ವಾರದ ಮೇಲೆ ಬಳಸುವುದಿಲ್ಲ. ತೊಳೆದಾಗ ಮೇಲಿನ ದ್ರವ ಗುಲಾಬಿ ಕಂಡರೆ ಅದಕ್ಕೂ ಮೊದಲೇ ಚೆಲ್ಲುತ್ತೇನೆ.